ಮೋಡದೊಳಗೆ ವಿಮಾನ ಹಾರಿಸುವುದು: ಇನ್‌ಸ್ಟ್ರುಮೆಂಟ್ ಫ್ಲೈಯಿಂಗ್ ಕಲಿಯುವವರಿಗೆ ಸಮಗ್ರ ಮಾರ್ಗದರ್ಶಿ

ಜುಲೈ ತಿಂಗಳಲ್ಲಿ ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ನಿಂತರೆ ಎಷ್ಟೋ ದಿನ ವಿಮಾನದ ಸದ್ದು ಮಾತ್ರ ಕೇಳುತ್ತದೆ, ವಿಮಾನ ಕಾಣುವುದಿಲ್ಲ. ಒಳಗೆ ಕೂತ ಪೈಲಟ್‌ಗೂ ನಾವು ಕಾಣುವುದಿಲ್ಲ. ಗಾಜಿನಾಚೆ ಬರೀ ಬಿಳಿ. ರನ್‌ವೇ ಕಣ್ಣಿಗೆ ಬೀಳುವುದು ಇಳಿಯಲು ಒಂದು ನಿಮಿಷ ಬಾಕಿ ಇರುವಾಗ, ಕೆಲವೊಮ್ಮೆ ಅದಕ್ಕಿಂತಲೂ ಕಡಿಮೆ. ಅಲ್ಲಿಯವರೆಗೆ ವಿಮಾನ ನೆಟ್ಟಗೆ ಬರುವುದು ಎದುರಿನ ಪ್ಯಾನೆಲ್ ನೋಡಿಕೊಂಡೇ.

ಈ ಬರಹ ಮೂರು ಥರದವರಿಗೆ. ಪಿಯುಸಿ ಸೈನ್ಸ್ ಮುಗಿಸಿ ಪೈಲಟ್ ಆಗಬೇಕು ಅಂತಿರುವ ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿಯ ಹುಡುಗ-ಹುಡುಗಿಯರಿಗೆ. ಈಗಾಗಲೇ ಫ್ಲೈಯಿಂಗ್ ಸ್ಕೂಲ್ ಸೇರಿ ಸೋಲೋ (ಒಬ್ಬರೇ ಹಾರುವುದು) ಮುಗಿಸಿದವರಿಗೆ. ಮನೆಯ ಕಂಪ್ಯೂಟರ್‌ನಲ್ಲಿ ಸಿಮ್ಯುಲೇಟರ್ ಇಟ್ಟುಕೊಂಡು ಸರಿಯಾದ ಕ್ರಮದಲ್ಲಿ ಕಲಿಯಬೇಕು ಅನ್ನುವವರಿಗೆ. ಇದನ್ನು ಓದಿ ಯಾರೂ ಮೋಡಕ್ಕೆ ನುಗ್ಗಬಾರದು. ಆ ಕೆಲಸಕ್ಕೆ ಪಕ್ಕದಲ್ಲಿ ಇನ್‌ಸ್ಟ್ರಕ್ಟರ್ ಇರಲೇಬೇಕು.

ಮೊದಲು ಕಾಗದಪತ್ರ

ಇದನ್ನು ಬೇಗ ಮುಗಿಸೋಣ. ಮೋಡದಲ್ಲಿ ಹಾರಲು ಪೈಲಟ್ ಲೈಸೆನ್ಸ್ ಒಂದೇ ಸಾಲದು, ಅದರ ಮೇಲೆ ಇನ್‌ಸ್ಟ್ರುಮೆಂಟ್ ರೇಟಿಂಗ್ ಬೇಕು. ಎಲ್ಲರೂ ಐಆರ್ ಅಂತಲೇ ಕರೆಯುತ್ತಾರೆ. ಅದಕ್ಕೆ ದೇಶದ ನಾಗರಿಕ ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎ ಕೇಳುವುದು ಪೈಲಟ್-ಇನ್-ಕಮಾಂಡ್ (ವಿಮಾನದ ಹೊಣೆ ಹೊತ್ತ ಪೈಲಟ್) ಆಗಿ 50 ಗಂಟೆ ಕ್ರಾಸ್ ಕಂಟ್ರಿ (ಒಂದು ಊರಿಂದ ಇನ್ನೊಂದು ಊರಿಗೆ) ಹಾರಾಟ ಮತ್ತು 40 ಗಂಟೆ ಇನ್‌ಸ್ಟ್ರುಮೆಂಟ್ ಟೈಮ್. ಈ 40ರಲ್ಲಿ ಹೆಚ್ಚೆಂದರೆ 20 ಗಂಟೆ ಮಾನ್ಯತೆ ಪಡೆದ ಸಿಮ್ಯುಲೇಟರ್‌ನಲ್ಲಿ ಮಾಡಬಹುದು. ಕಮರ್ಷಿಯಲ್ ಲೈಸೆನ್ಸ್‌ಗೆ ಒಟ್ಟು 200 ಗಂಟೆ ಬೇಕೇ ಬೇಕು, ಹಾಗಾಗಿ ಹೆಚ್ಚಿನವರು ಆ ಗಂಟೆಗಳ ಒಳಗೇ ಐಆರ್ ಕೂಡ ಮುಗಿಸಿಕೊಳ್ಳುತ್ತಾರೆ. ಏರ್ ರೆಗ್ಯುಲೇಷನ್ಸ್, ನ್ಯಾವಿಗೇಷನ್, ಮೀಟಿಯರಾಲಜಿ ಪೇಪರ್‌ಗಳಲ್ಲಿ ಪಾಸಾಗಲು 70 ಅಂಕ ಬೇಕು. ಮೆಡಿಕಲ್ ಮೊದಲು ಕ್ಲಾಸ್ 2, ಆಮೇಲೆ ಕ್ಲಾಸ್ 1. ಫೀ ಕಟ್ಟುವ ಮುಂಚೆ ಮೆಡಿಕಲ್ ಮುಗಿಸಿ. ಲಕ್ಷಗಟ್ಟಲೆ ಕಟ್ಟಿದ ಮೇಲೆ ಬಣ್ಣ ಗುರುತಿಸುವ ಕಣ್ಣಿನ ಪರೀಕ್ಷೆಯಲ್ಲಿ ಸಿಕ್ಕಿಬೀಳುವುದು ಬೇಡ. ನಿಯಮಗಳು ಆಗಾಗ ತಿದ್ದುಪಡಿ ಆಗುತ್ತಿರುತ್ತವೆ. ಏಜೆಂಟ್ ಮಾತು ಕೇಳಬೇಡಿ, ಡಿಜಿಸಿಎ ವೆಬ್‌ಸೈಟ್ ನೋಡಿ.

ನಮ್ಮ ಕಡೆಯವರಿಗೆ ಹತ್ತಿರ ಅಂದರೆ ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಲ್ಲಿರುವ ಫ್ಲೈಯಿಂಗ್ ಸ್ಕೂಲ್‌ಗಳು. ಕಲಬುರಗಿಯಲ್ಲೂ ಇವೆ. ಬೆಂಗಳೂರಿನ ಜಕ್ಕೂರಿನಲ್ಲಿ ಸರ್ಕಾರಿ ಶಾಲೆ ಇದೆ. ಎಲ್ಲೇ ಸೇರಿ, ಮೂರು ಪ್ರಶ್ನೆ ಕೇಳಿ. ಇನ್‌ಸ್ಟ್ರುಮೆಂಟ್ ಹಾರಾಟಕ್ಕೆ ಸಜ್ಜಾದ ವಿಮಾನಗಳು ಎಷ್ಟಿವೆ, ಅದರಲ್ಲಿ ಇವತ್ತು ಹಾರುವ ಸ್ಥಿತಿಯಲ್ಲಿ ಇರುವುದು ಎಷ್ಟು? ಸಿಮ್ಯುಲೇಟರ್‌ನ ಮಾನ್ಯತೆ ಚಾಲ್ತಿಯಲ್ಲಿದೆಯಾ? ಐಆರ್ ಶುರು ಮಾಡಿದ ವಿದ್ಯಾರ್ಥಿ ಮುಗಿಸಲು ಸರಾಸರಿ ಎಷ್ಟು ತಿಂಗಳು ತಗೊಳ್ತಾನೆ? ಮೂರನೆಯದಕ್ಕೆ ಆಫೀಸಿನವರ ಉತ್ತರ ಸಾಲದು. ಹ್ಯಾಂಗರ್ ಹೊರಗೆ ಕಾಯುತ್ತಾ ಕೂತ ಹುಡುಗರನ್ನು ಕೇಳಿ.

ನಿಮ್ಮ ಕಿವಿಯನ್ನು ನಂಬಬೇಡಿ

ಕಲಿಕೆ ಶುರುವಾಗುವುದು ವಿಮಾನದಲ್ಲಲ್ಲ, ತಿರುಗುವ ಆಫೀಸ್ ಕುರ್ಚಿಯಲ್ಲಿ. ಗೆಳೆಯನೊಬ್ಬನನ್ನು ಕರೆಯಿರಿ. ಕುರ್ಚಿಯಲ್ಲಿ ಕೂತು, ಕಣ್ಣಿಗೆ ಬಟ್ಟೆ ಕಟ್ಟಿಕೊಳ್ಳಿ. ಎರಡೂ ಕೈ ಮುಷ್ಟಿ ಮಾಡಿ ಹೆಬ್ಬೆರಳು ಮೇಲಕ್ಕಿರಲಿ. ಎಡಕ್ಕೆ ತಿರುಗುತ್ತಿದ್ದೇನೆ ಅನ್ನಿಸಿದರೆ ಹೆಬ್ಬೆರಳು ಎಡಕ್ಕೆ ವಾಲಿಸಿ, ಬಲಕ್ಕೆ ಅನ್ನಿಸಿದರೆ ಬಲಕ್ಕೆ. ಗೆಳೆಯ ಒಂದೇ ವೇಗದಲ್ಲಿ, ಗಡಬಡ ಮಾಡದೆ ಬಲಕ್ಕೆ ತಿರುಗಿಸುತ್ತಾ ಹೋಗಲಿ. ಮೊದಲು ಹೆಬ್ಬೆರಳು ಸರಿಯಾಗಿ ಬಲಕ್ಕೆ ಹೋಗುತ್ತದೆ. 20 ಸೆಕೆಂಡು ಆಗುತ್ತಿದ್ದಂತೆ ಅದು ಮೆಲ್ಲಗೆ ಮೇಲಕ್ಕೆ ಬರುತ್ತದೆ. ಅಂದರೆ ಕುರ್ಚಿ ನಿಂತಿದೆ ಅಂತ ನಿಮಗೆ ಅನ್ನಿಸುತ್ತಿದೆ, ಆದರೆ ಅದು ಇನ್ನೂ ತಿರುಗುತ್ತಲೇ ಇದೆ. ಈಗ ಗೆಳೆಯ ಕುರ್ಚಿ ನಿಲ್ಲಿಸಲಿ. ಹೆಬ್ಬೆರಳು ಧಡಕ್ಕನೆ ಎಡಕ್ಕೆ ವಾಲುತ್ತದೆ. ಸುತ್ತ ನಿಂತವರು ನಗುತ್ತಾರೆ, ನಿಮಗೆ ಯಾಕಂತ ಗೊತ್ತಾಗುವುದಿಲ್ಲ. ಊಟ ಆದ ತಕ್ಷಣ ಮಾತ್ರ ಇದನ್ನು ಮಾಡಬೇಡಿ.

ಒಳಕಿವಿಯಲ್ಲಿ ಮೂರು ಅರ್ಧವೃತ್ತಾಕಾರದ ನಾಳಗಳಿವೆ, ಅವುಗಳಲ್ಲಿ ದ್ರವ ಇದೆ. ತಿರುಗುವ ವೇಗ ಬದಲಾದಾಗ ಮಾತ್ರ ಅದಕ್ಕೆ ಗೊತ್ತಾಗುತ್ತದೆ. ಒಂದೇ ವೇಗದಲ್ಲಿ ತಿರುಗುತ್ತಾ ಇದ್ದರೆ ದ್ರವವೂ ಜೊತೆಗೇ ತಿರುಗಿ ಸುಮ್ಮನಾಗುತ್ತದೆ. ಮೋಡದಲ್ಲಿ ವಿಮಾನ ಸೆಕೆಂಡಿಗೆ ಒಂದೆರಡು ಡಿಗ್ರಿಯಂತೆ ನಿಧಾನವಾಗಿ ಒಂದು ಕಡೆ ವಾಲಿದರೆ ಕಿವಿಗೆ ತಿಳಿಯುವುದೇ ಇಲ್ಲ. ವಾಲಿದ ವಿಮಾನ ತಿರುಗುತ್ತದೆ, ಮೂಗು ಇಳಿಯುತ್ತದೆ, ವೇಗ ಏರುತ್ತದೆ. ಪೈಲಟ್ ಮೂಗು ಎತ್ತಲು ಸ್ಟಿಕ್ ಎಳೆಯುತ್ತಾನೆ. ರೆಕ್ಕೆ ಇನ್ನೂ ವಾಲಿಕೊಂಡೇ ಇರುವುದರಿಂದ ಎಳೆದಷ್ಟೂ ಸುರುಳಿ ಬಿಗಿಯಾಗುತ್ತದೆ.

1954ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಇನ್‌ಸ್ಟ್ರುಮೆಂಟ್ ತರಬೇತಿ ಇಲ್ಲದ 20 ಪೈಲಟ್‌ಗಳಿಗೆ ಹೊರಗಡೆ ಕಾಣದಂತೆ ಮಾಡಿ ಹಾರಿಸಲು ಹೇಳಿದರು. 20 ಜನವೂ ಹಿಡಿತ ಕಳೆದುಕೊಂಡರು, ಸರಾಸರಿ 178 ಸೆಕೆಂಡಿನಲ್ಲಿ. ಮೂರು ನಿಮಿಷವೂ ಇಲ್ಲ. ಅದಕ್ಕೂ 25 ವರ್ಷ ಮೊದಲೇ, 1929ರ ಸೆಪ್ಟೆಂಬರ್ 24ರಂದು, ಅಮೆರಿಕದ ಪೈಲಟ್ ಜಿಮ್ಮಿ ಡೂಲಿಟಲ್ ಪೂರ್ತಿ ಮುಚ್ಚಿದ ಕಾಕ್‌ಪಿಟ್‌ನಲ್ಲಿ ಕೂತು ಟೇಕಾಫ್‌ನಿಂದ ಲ್ಯಾಂಡಿಂಗ್‌ವರೆಗೆ ಹಾರಿ ತೋರಿಸಿದ್ದ. ಅವನ ಎದುರು ಸ್ಪೆರಿ ಕಂಪನಿಯ ಕೃತಕ ದಿಗಂತ, ದಿಕ್ಕು ತೋರಿಸುವ ಗೈರೊ, ಕಾಲ್ಸ್‌ಮನ್‌ನ ಎತ್ತರ ತೋರಿಸುವ ಸೂಕ್ಷ್ಮ ಆಲ್ಟಿಮೀಟರ್ ಇದ್ದವು. ಇವತ್ತಿನ ತರಬೇತಿ ವಿಮಾನದಲ್ಲೂ ಅದೇ ವಂಶದ ಉಪಕರಣಗಳೇ ಇರುವುದು.

ಗದಗಿನ ಹುಡುಗನೊಬ್ಬ ಮೊದಲ ಸಲ ಹುಡ್ (ಹೊರಗಡೆ ಕಾಣದಂತೆ ತಡೆಯುವ ಮರೆ) ಹಾಕಿಕೊಂಡು ಹಾರಿ ಬಂದು ಕೇಳಿದ್ದ: "ಸರ, ತೆಲಿ ಒಂದ್ ಹೇಳತೈತಿ, ಮೀಟರ್ ಒಂದ್ ಹೇಳತೈತಿ. ಯಾರ ಮಾತ್ ಕೇಳಬೇಕ್ರಿ?" ಐಆರ್ ಕೋರ್ಸಿನ ಅರ್ಧಭಾಗ ಈ ಪ್ರಶ್ನೆಯಲ್ಲೇ ಇದೆ. ಮೀಟರ್ ಮಾತು ಕೇಳಬೇಕು, ಆದರೆ ಒಂದೇ ಮೀಟರ್ ಮಾತಲ್ಲ.

ಆರು ಮೀಟರ್, ಮೂರು ಮೂಲ

ಹಳೆಯ ಸೆಸ್ನಾ 172ರ ಪ್ಯಾನೆಲ್‌ನಲ್ಲಿ ಆರು ಮೀಟರ್‌ಗಳು ಎರಡು ಸಾಲಿನಲ್ಲಿವೆ. ಮೇಲಿನ ಸಾಲಿನಲ್ಲಿ ವೇಗ, ವಿಮಾನದ ಭಂಗಿ ತೋರಿಸುವ ಆಟಿಟ್ಯೂಡ್ (ಕೃತಕ ದಿಗಂತ), ಆಲ್ಟಿಮೀಟರ್. ಕೆಳಗಿನ ಸಾಲಿನಲ್ಲಿ ತಿರುಗುವ ದರ ತೋರಿಸುವ ಟರ್ನ್ ಕೋಆರ್ಡಿನೇಟರ್, ಮೂಗು ಯಾವ ದಿಕ್ಕಿಗಿದೆ ಅಂತ ತೋರಿಸುವ ಹೆಡಿಂಗ್, ಏರಿಳಿತದ ದರ ತೋರಿಸುವ ವಿಎಸ್‌ಐ. ಹೊಸ ವಿಮಾನದಲ್ಲಿ ಗಾಜಿನ ಸ್ಕ್ರೀನ್ ಇರಬಹುದು, ಮಾಹಿತಿ ಇದೇ. ಯಾವ ಮೀಟರ್ ಯಾವುದರಿಂದ ನಡೆಯುತ್ತದೆ ಅನ್ನುವುದನ್ನು ಬಾಯಿಪಾಠ ಮಾಡಿ, ಯಾಕೆಂದರೆ ಕೆಟ್ಟಾಗ ಅವು ಗುಂಪಾಗಿ ಕೆಡುತ್ತವೆ.

ವೇಗ, ಆಲ್ಟಿಮೀಟರ್, ವಿಎಸ್‌ಐ ಈ ಮೂರೂ ಹೊರಗಿನ ಗಾಳಿಯ ಒತ್ತಡದಿಂದ ನಡೆಯುತ್ತವೆ. ಸುತ್ತಲಿನ ಗಾಳಿಯ ಒತ್ತಡ ಹಿಡಿಯುವ ಸ್ಟ್ಯಾಟಿಕ್ ರಂಧ್ರ ಮುಚ್ಚಿಕೊಂಡರೆ ಆಲ್ಟಿಮೀಟರ್ ಇದ್ದಲ್ಲೇ ನಿಲ್ಲುತ್ತದೆ, ವಿಎಸ್‌ಐ ಸೊನ್ನೆಗೆ ಬರುತ್ತದೆ. ಎದುರಿನಿಂದ ಬಡಿಯುವ ಗಾಳಿಯ ಒತ್ತಡ ಹಿಡಿಯುವ ಪಿಟೊ ನಳಿಗೆ ಮತ್ತು ಅದರ ನೀರು ಹೋಗುವ ತೂತು ಎರಡೂ ಮುಚ್ಚಿದರೆ ಇನ್ನೂ ಕುಹಕ: ಏರುತ್ತಾ ಹೋದಂತೆ ವೇಗ ಏರಿದ ಹಾಗೆ ತೋರಿಸುತ್ತದೆ. ಅದನ್ನು ನಂಬಿ ಮೂಗು ಎತ್ತಿದರೆ ಸ್ಟಾಲ್, ಅಂದರೆ ರೆಕ್ಕೆ ವಿಮಾನವನ್ನು ಎತ್ತಿಹಿಡಿಯಲಾರದ ಸ್ಥಿತಿ. ಮಳೆಗಾಲದಲ್ಲಿ ಹೊರಗೆ ನಿಂತ ವಿಮಾನದ ಪಿಟೊ ನಳಿಗೆಯಲ್ಲಿ ಕಣಜ ಮಣ್ಣಿನ ಗೂಡು ಕಟ್ಟುವುದು ಉಂಟು, ಕವರ್ ಹಾಕಿಡಿ. ಹಾರುವ ಮುಂಚೆ ಅದೇ ಕವರ್ ತೆಗೆಯಲು ಮರೆಯಬೇಡಿ!

ಆಟಿಟ್ಯೂಡ್ ಮತ್ತು ಹೆಡಿಂಗ್ ಗೈರೊಗಳು ಹಳೆಯ ವಿಮಾನಗಳಲ್ಲಿ ವ್ಯಾಕ್ಯೂಮ್ ಪಂಪ್‌ನಿಂದ ನಡೆಯುತ್ತವೆ. ಪಂಪ್ ಹೋದರೆ ಅವು ಥಟ್ಟನೆ ನಿಲ್ಲುವುದಿಲ್ಲ, ಮೆಲ್ಲಗೆ ಸುಳ್ಳು ಹೇಳಲು ಶುರು ಮಾಡುತ್ತವೆ. ಟರ್ನ್ ಕೋಆರ್ಡಿನೇಟರ್ ಸಾಮಾನ್ಯವಾಗಿ ಕರೆಂಟಿನ ಮೇಲೆ ನಡೆಯುತ್ತದೆ, ಹಾಗಾಗಿ ಅದು ಉಳಿಯುತ್ತದೆ. ಆಟಿಟ್ಯೂಡ್ ಎಡಕ್ಕೆ ವಾಲಿದೆ ಅನ್ನುತ್ತಿದೆ, ಟರ್ನ್ ಕೋಆರ್ಡಿನೇಟರ್ ನೆಟ್ಟಗಿದೆ, ದಿಕ್ಸೂಚಿ ಅಲುಗುತ್ತಿಲ್ಲ. ಇಬ್ಬರು ಒಂದು ಮಾತು ಹೇಳಿದರೆ ಮೂರನೆಯದನ್ನು ಒಂದು ಕಾಗದದಿಂದ ಮುಚ್ಚಿಬಿಡಿ. ಹಾಗೆ ಮುಚ್ಚಿ ಹಾರುವುದಕ್ಕೆ ಪಾರ್ಷಿಯಲ್ ಪ್ಯಾನೆಲ್ ಅನ್ನುತ್ತಾರೆ, ಟೆಸ್ಟ್‌ನಲ್ಲಿ ಕೇಳುತ್ತಾರೆ. ಹೆಡಿಂಗ್ ಗೈರೊ ಸರಿ ಇದ್ದರೂ ಜಾರುತ್ತದೆ. 15 ನಿಮಿಷಕ್ಕೊಮ್ಮೆ, ನೇರವಾಗಿ ಸಮತಟ್ಟಾಗಿ ಹಾರುವಾಗ, ದಿಕ್ಸೂಚಿಗೆ ಹೊಂದಿಸಿಕೊಳ್ಳಿ.

ಮೊದಲ ಹತ್ತು ಗಂಟೆ: ಸಂಖ್ಯೆಗಳನ್ನು ಹುಡುಕಿಕೊಳ್ಳುವುದು

ಹೊಸಬರು ಸೂಜಿಗಳನ್ನು ಅಟ್ಟಿಸಿಕೊಂಡು ಹೋಗುತ್ತಾರೆ. 50 ಅಡಿ ಇಳಿದರೆ ಎಳೆಯುತ್ತಾರೆ, 100 ಅಡಿ ಏರುತ್ತದೆ, ತಳ್ಳುತ್ತಾರೆ. ಹತ್ತು ನಿಮಿಷದಲ್ಲಿ ಅಂಗಿ ಒದ್ದೆ. ಇದಕ್ಕೆ ಮದ್ದು ಇಷ್ಟೇ: ಮೂಗಿನ ಕೋನ ಇಷ್ಟು, ಎಂಜಿನ್ ಪವರ್ ಇಷ್ಟು ಅಂತ ಇಡಿ, ಟ್ರಿಮ್ ಮಾಡಿ (ಕೈಯಿಂದ ಒತ್ತಿ ಹಿಡಿಯಬೇಕಿಲ್ಲದಂತೆ ಹೊಂದಿಸಿ), ಕೈ ಸಡಿಲಿಸಿ, ಕಾಯಿರಿ. ವಿಮಾನ ತಾನಾಗಿಯೇ ಆ ವೇಗಕ್ಕೆ, ಆ ದರಕ್ಕೆ ಬಂದು ಕೂರುತ್ತದೆ. ನನ್ನ ಪ್ರಕಾರ ಇಡೀ ಇನ್‌ಸ್ಟ್ರುಮೆಂಟ್ ಹಾರಾಟದಲ್ಲಿ ಕಷ್ಟದ ಭಾಗ ಈ ಕಾಯುವುದೇ.

ಹಾಗಾಗಿ ಮೊದಲ ಕೆಲಸ, ನಿಮ್ಮ ವಿಮಾನದ ಸಂಖ್ಯೆಗಳನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳುವುದು. 172ರಲ್ಲಿ 90 ನಾಟ್‌ನಲ್ಲಿ (ನಾಟ್ ಅಂದರೆ ಗಂಟೆಗೆ ಒಂದು ನಾಟಿಕಲ್ ಮೈಲಿ) ಸಮತಟ್ಟಾಗಿ ಹಾರಲು ಸುಮಾರು 2,100 ಆರ್‌ಪಿಎಂ, ಅದೇ ವೇಗದಲ್ಲಿ ನಿಮಿಷಕ್ಕೆ 500 ಅಡಿ ಇಳಿಯಲು ಸುಮಾರು 1,700 ಬೇಕಾಗಬಹುದು. ಒಂದೊಂದು ವಿಮಾನ ಒಂದೊಂದು ಥರ. ಒಳ್ಳೆಯ ಹವೆಯ ದಿನ ಹೋಗಿ ನೀವೇ ಹುಡುಕಿ ಬರೆಯಿರಿ: ಏರುವಾಗ, ಕ್ರೂಸ್‌ನಲ್ಲಿ, ಅಪ್ರೋಚ್‌ಗೆ (ರನ್‌ವೇ ಕಡೆ ಇಳಿದು ಬರುವ ಹಂತ) ಮುಂಚೆ ಸಮತಟ್ಟಾಗಿ, ಅಪ್ರೋಚ್‌ನಲ್ಲಿ ಇಳಿಯುವಾಗ. ಈ ನಾಲ್ಕು ಬಂದರೆ ಉಳಿದದ್ದೆಲ್ಲ ಅವುಗಳ ನಡುವೆ ಓಡಾಡುವುದು ಅಷ್ಟೇ.

ಇನ್ನು ಸ್ಕ್ಯಾನ್. ಕಣ್ಣಿನ ಮನೆ ಆಟಿಟ್ಯೂಡ್ ಇಂಡಿಕೇಟರ್. ಅಲ್ಲಿಂದ ಆಲ್ಟಿಮೀಟರ್‌ಗೆ ಹೋಗಿ ಮನೆಗೆ ವಾಪಸ್, ಹೆಡಿಂಗ್‌ಗೆ ಹೋಗಿ ವಾಪಸ್, ವೇಗಕ್ಕೆ ಹೋಗಿ ವಾಪಸ್. ಎಲ್ಲೂ ಒಂದೆರಡು ಸೆಕೆಂಡಿಗಿಂತ ಜಾಸ್ತಿ ನಿಲ್ಲಬಾರದು. ಒಂದೇ ಸೂಜಿಯ ಮೇಲೆ ಕಣ್ಣು ನೆಟ್ಟರೆ ಇನ್ನೊಂದು ಓಡಿಹೋಗುತ್ತದೆ. ಜಾಸ್ತಿ ಜನ ಮರೆಯುವುದು ಹೆಡಿಂಗ್, ಅದೂ ರೇಡಿಯೊದಲ್ಲಿ ಮಾತಾಡುವಾಗ.

ತಿದ್ದುವಾಗ ಲೆಕ್ಕ ಇರಲಿ. 90 ನಾಟ್‌ನಲ್ಲಿ ಮೂಗು 1 ಡಿಗ್ರಿ ಎತ್ತಿದರೆ ನಿಮಿಷಕ್ಕೆ ಸುಮಾರು 150 ಅಡಿ ಏರುತ್ತೀರಿ. 100 ಅಡಿ ತಪ್ಪಿದ್ದರೆ ನಿಮಿಷಕ್ಕೆ 200 ಅಡಿಯ ದರ ಸಾಕು, ಅಂದರೆ ಆಟಿಟ್ಯೂಡ್‌ನಲ್ಲಿರುವ ಪುಟ್ಟ ಬಿಳಿ ರೆಕ್ಕೆ ಅದರ ಅರ್ಧ ದಪ್ಪದಷ್ಟು ಸರಿದರೆ ಆಯಿತು. ತಿರುಗುವುದು ಸೆಕೆಂಡಿಗೆ 3 ಡಿಗ್ರಿಯಂತೆ, 360 ಡಿಗ್ರಿಗೆ 2 ನಿಮಿಷ. ಎಷ್ಟು ವಾಲಿಸಬೇಕು? ವೇಗವನ್ನು 10ರಿಂದ ಭಾಗಿಸಿ 7 ಕೂಡಿಸಿ. 90 ನಾಟ್‌ಗೆ 16 ಡಿಗ್ರಿ. ಬೇಕಾದ ಹೆಡಿಂಗ್‌ಗೆ ವಾಲಿದ ಕೋನದ ಅರ್ಧದಷ್ಟು, ಅಂದರೆ 8 ಡಿಗ್ರಿ ಮುಂಚೆ ನೆಟ್ಟಗಾಗಲು ಶುರು ಮಾಡಿ. ಏರುವಾಗ ದರದ ಹತ್ತನೇ ಒಂದು ಭಾಗ ಮುಂಚೆ: ನಿಮಿಷಕ್ಕೆ 500 ಅಡಿ ಏರುತ್ತಿದ್ದರೆ 50 ಅಡಿ ಮೊದಲೇ ಮೂಗು ಇಳಿಸಿ.

ವಿಮಾನ ವಿಚಿತ್ರ ಭಂಗಿಗೆ ಹೋದಾಗ ಸರಿಪಡಿಸುವ ಕ್ರಮವೂ ಇಲ್ಲೇ ಬರುತ್ತದೆ. ಮೂಗು ಕೆಳಗೆ, ವೇಗ ಏರುತ್ತಿದೆ: ಪವರ್ ತೆಗೆಯಿರಿ, ರೆಕ್ಕೆ ನೆಟ್ಟಗೆ ಮಾಡಿ, ಆಮೇಲೆ ಮಾತ್ರ ಎಳೆಯಿರಿ. ಮೂಗು ಮೇಲೆ, ವೇಗ ಬೀಳುತ್ತಿದೆ: ಪವರ್ ಕೊಡಿ, ಮೂಗು ಇಳಿಸಿ, ಆಮೇಲೆ ರೆಕ್ಕೆ. ಈ ಕ್ರಮ ಹಿಂದುಮುಂದಾಗಬಾರದು.

ಮನೆಯ ಸಿಮ್ಯುಲೇಟರ್

ಎಕ್ಸ್-ಪ್ಲೇನ್ ಅಥವಾ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್‌ನಲ್ಲಿ ಕಳೆದ ಗಂಟೆ ಲಾಗ್‌ಬುಕ್‌ಗೆ ಬರುವುದಿಲ್ಲ, ಆದರೂ ದುಡ್ಡು ಉಳಿಸುತ್ತದೆ. ವಿಮಾನದಲ್ಲಿ ಗಂಟೆಗೆ ಸಾವಿರಾರು ರೂಪಾಯಿ ಸುರಿದು ಕಲಿಯುವ ಸ್ಕ್ಯಾನ್ ಮತ್ತು ಪ್ರೊಸೀಜರ್‌ಗಳನ್ನು ಇಲ್ಲೇ ರೂಢಿ ಮಾಡಿಕೊಳ್ಳಬಹುದು. ಕಿವಿಯ ಮೋಸವನ್ನು ಮಾತ್ರ ಇದು ಕಲಿಸಲಾರದು, ಕುರ್ಚಿ ಅಲುಗುವುದಿಲ್ಲವಲ್ಲ.

ಹುಬ್ಬಳ್ಳಿಯಿಂದ ಬೆಳಗಾವಿಗೆ ನೇರ ದೂರ ಸುಮಾರು 40 ನಾಟಿಕಲ್ ಮೈಲಿ, 100 ನಾಟ್‌ನಲ್ಲಿ 24 ನಿಮಿಷ. ಅಭ್ಯಾಸಕ್ಕೆ ಹೇಳಿ ಮಾಡಿಸಿದಂತಿದೆ. ಮೋಡವನ್ನು ನೆಲದಿಂದ 800 ಅಡಿಗೆ ಇಡಿ, ಪಶ್ಚಿಮದ ಗಾಳಿ 15 ನಾಟ್ ಇಡಿ. ಆಟೋಪೈಲಟ್ ಆಫ್. ಹೊರಗಿನ ಕ್ಯಾಮೆರಾ ನೋಟ ಬೇಡ, ನಡುವೆ ನಿಲ್ಲಿಸುವ ಪಾಜ್ ಬಟನ್ ಬೇಡ. ಚಾರ್ಟ್‌ಗಳು ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರ ಪ್ರಕಟಿಸುವ ಎಐಪಿ ಅನ್ನುವ ಅಧಿಕೃತ ಮಾಹಿತಿ ಸಂಪುಟದಲ್ಲಿ ಆನ್‌ಲೈನ್‌ನಲ್ಲೇ ಸಿಗುತ್ತವೆ. ಗೇಮ್‌ನೊಳಗೆ ಬರುವ ಹಳೇ ಡೇಟಾಗಿಂತ ಅವೇ ವಾಸಿ.

ವಿಒಆರ್ ಮತ್ತು ಹೋಲ್ಡ್

ವಿಒಆರ್ ಅಂದರೆ ದಿಕ್ಕು ತಿಳಿಸಲು ರೇಡಿಯೊ ಸಂಕೇತ ಕಳಿಸುವ ನೆಲದ ಮೇಲಿನ ಸ್ಟೇಷನ್. ಅದನ್ನು ಟ್ಯೂನ್ ಮಾಡಿದ ಮೇಲೆ ಮೋರ್ಸ್ ಗುರುತು ಕೇಳಿ ಖಾತ್ರಿ ಮಾಡಿಕೊಳ್ಳಿ. ಸೂಜಿ ಪೂರ್ತಿ ಪಕ್ಕಕ್ಕೆ ಹೋದರೆ 10 ಡಿಗ್ರಿ ತಪ್ಪಿದ್ದೀರಿ. 60 ಮೈಲಿ ದೂರದಲ್ಲಿ 1 ಡಿಗ್ರಿ ಅಂದರೆ 1 ಮೈಲಿ, 30 ಮೈಲಿಯಲ್ಲಿ ಅರ್ಧ ಮೈಲಿ.

ತಲೆ ತಿನ್ನುವುದು ಹೋಲ್ಡ್. ಎಟಿಸಿ (ವಾಯು ಸಂಚಾರ ನಿಯಂತ್ರಣ) ಕಾಯಲು ಹೇಳಿದಾಗ ಒಂದು ಬಿಂದುವಿನ ಸುತ್ತ ಉದ್ದನೆಯ ವೃತ್ತದಂತೆ ಸುತ್ತಬೇಕು. 14,000 ಅಡಿಯ ಕೆಳಗೆ ಒಳಬರುವ (ಆ ಬಿಂದುವಿನ ಕಡೆ ಬರುವ) ದಾರಿ 1 ನಿಮಿಷ, ಬೇರೆ ಹೇಳದಿದ್ದರೆ ತಿರುವು ಬಲಕ್ಕೆ. ಗಾಳಿ ಇಲ್ಲದ ದಿನ ಸುಲಭ. ನಮ್ಮ ಮುಂಗಾರಿನಲ್ಲಿ ಗಾಳಿ ಇಲ್ಲದ ದಿನ ಎಲ್ಲಿದೆ? ಒಂದು ಲೆಕ್ಕ ನೋಡಿ. ನಿಮ್ಮ ವೇಗ 90 ನಾಟ್, ಒಳಬರುವ ದಿಕ್ಕು ಪಶ್ಚಿಮ, ಎದುರುಗಾಳಿ ಬರೀ 10 ನಾಟ್. ಹೊರಗೆ ಹೋಗುವಾಗ 1 ನಿಮಿಷ ಹಾರಿದರೆ, ಎರಡು ತಿರುವಿನಲ್ಲಿ ಗಾಳಿ ತಳ್ಳಿದ್ದೂ ಸೇರಿ, ವಾಪಸ್ ಬರಲು ಒಂದೂವರೆ ನಿಮಿಷ ಬೇಕು. ಒಳಬರುವ ದಾರಿ ಸರಿಯಾಗಿ 1 ನಿಮಿಷ ಆಗಬೇಕಾದರೆ ಮುಂದಿನ ಸುತ್ತಿನಲ್ಲಿ ಹೊರಗೆ ಹೋಗುವುದು 36 ಸೆಕೆಂಡು ಮಾತ್ರ! ಸುಮ್ನೆ "ಸ್ವಲ್ಪ ಕಡಿಮೆ ಮಾಡಿ" ಅಂದರೆ ಸಾಲದು. ಪಕ್ಕದಿಂದ ಗಾಳಿ ಇದ್ದರೆ ಒಳಬರುವಾಗ ಎಷ್ಟು ಡಿಗ್ರಿ ತಿದ್ದಿದಿರೋ ಹೊರಗೆ ಹೋಗುವಾಗ ಅದರ ಮೂರು ಪಟ್ಟು ತಿದ್ದಿ, ಯಾಕೆಂದರೆ ತಿರುವುಗಳಲ್ಲಿ ತಿದ್ದಲು ಆಗುವುದಿಲ್ಲ.

ಹೋಲ್ಡ್‌ಗೆ ಸೇರುವ ಮೂರು ವಿಧ ಇವೆ: ಡೈರೆಕ್ಟ್, ಪ್ಯಾರಲಲ್, ಟಿಯರ್‌ಡ್ರಾಪ್. ಕಾಗದದ ಮೇಲೆ ಬರೆದು, ಪುಟ್ಟ ವಿಮಾನದ ಚಿತ್ರ ಕತ್ತರಿಸಿ ಅದರ ಮೇಲೆ ಓಡಿಸಿ ಕಲಿಯಿರಿ. ಅಡುಗೆಮನೆ ನೆಲದ ಮೇಲೆ ಸೀಮೆಸುಣ್ಣದಿಂದ ಬರೆದು ನಡೆದಾಡಿದರೂ ಆಯ್ತು, ಮನೆಯವರು ಬೈದರೆ ಬೈಯಲಿ.

ಅಪ್ರೋಚ್: ಕೊನೆಯ ಹತ್ತು ಮೈಲಿ

ಇಳಿಯಲು ಶುರು ಮಾಡುವ ಮುಂಚೆ ಚಾರ್ಟ್ ಜೋರಾಗಿ ಓದಿ: ಯಾವ ರನ್‌ವೇ, ಫ್ರೀಕ್ವೆನ್ಸಿ, ಅಂತಿಮ ದಿಕ್ಕು, ಎಲ್ಲಿವರೆಗೆ ಇಳಿಯಬಹುದು, ರನ್‌ವೇ ಕಾಣದಿದ್ದರೆ ಎಲ್ಲಿಗೆ ಹೋಗಬೇಕು. ಕೊನೆಯದನ್ನು ಎರಡು ಸಲ ಓದಿ.

ರನ್‌ವೇಗೆ ದಾರಿ ತೋರಿಸುವ ನೆಲದ ಮೇಲಿನ ರೇಡಿಯೊ ವ್ಯವಸ್ಥೆಯೇ ಐಎಲ್‌ಎಸ್. ಅದರಲ್ಲಿ ಎರಡು ಕಿರಣ. ಲೊಕಲೈಸರ್ ಎಡ-ಬಲ ಹೇಳುತ್ತದೆ, ಗ್ಲೈಡ್ ಸ್ಲೋಪ್ ಮೇಲೆ-ಕೆಳಗೆ ಹೇಳುತ್ತದೆ. ಲೊಕಲೈಸರ್ ಸೂಜಿ ಪೂರ್ತಿ ಸರಿಯುವುದಕ್ಕೆ 2.5 ಡಿಗ್ರಿ ಸಾಕು, ವಿಒಆರ್‌ಗಿಂತ ನಾಲ್ಕು ಪಟ್ಟು ಸೂಕ್ಷ್ಮ. ಹತ್ತಿರ ಬಂದಂತೆ ಇನ್ನೂ ಚುರುಕಾಗುತ್ತದೆ. ಸೂಜಿಯನ್ನು ನೋಡಿ ವಾಲಿಸಬೇಡಿ. ಹೆಡಿಂಗ್ 5 ಡಿಗ್ರಿ ಬದಲಿಸಿ, ಅದನ್ನು ಹಿಡಿದುಕೊಳ್ಳಿ, ಸೂಜಿ ಏನು ಮಾಡುತ್ತದೆ ಅಂತ ನೋಡಿ. 3 ಡಿಗ್ರಿ ಇಳಿಜಾರಿಗೆ ನೆಲದ ಮೇಲಿನ ವೇಗವನ್ನು 5ರಿಂದ ಗುಣಿಸಿ: 90 ನಾಟ್‌ಗೆ ನಿಮಿಷಕ್ಕೆ 450 ಅಡಿ, ಎದುರುಗಾಳಿ 15 ಇದ್ದರೆ 375. ಇದನ್ನು ಮೊದಲೇ ಲೆಕ್ಕ ಹಾಕಿಟ್ಟುಕೊಂಡವರಿಗೆ ಗ್ಲೈಡ್ ಸ್ಲೋಪ್ ಅರ್ಧ ಕೈವಶ.

ಕ್ಯಾಟಗರಿ 1 ಐಎಲ್‌ಎಸ್‌ನಲ್ಲಿ ನೆಲದಿಂದ 200 ಅಡಿಗಿಂತ ಕೆಳಗೆ ನಿರ್ಧಾರದ ಎತ್ತರ (ಇಳಿಯಬೇಕೋ ಮತ್ತೆ ಮೇಲೇರಬೇಕೋ ಅಂತ ತೀರ್ಮಾನಿಸುವ ಎತ್ತರ) ಇರುವುದಿಲ್ಲ. ಇಲ್ಲಿ ಒಂದು ಎಚ್ಚರಿಕೆ. ಹುಬ್ಬಳ್ಳಿ ವಿಮಾನ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 2,170 ಅಡಿ ಮೇಲಿದೆ. ಕ್ಯೂಎನ್‌ಎಚ್ (ಸಮುದ್ರಮಟ್ಟದ ಲೆಕ್ಕಕ್ಕೆ ತಂದ ಆ ಹೊತ್ತಿನ ಗಾಳಿಯ ಒತ್ತಡ) ಇಟ್ಟ ಆಲ್ಟಿಮೀಟರ್ 2,400 ತೋರಿಸಿದರೆ ನೆಲ ಬರೀ 230 ಅಡಿ ಕೆಳಗಿದೆ. ಕರಾವಳಿಯಲ್ಲಿ ಕಲಿತವರಿಗೆ "2,400" ಅಂದರೆ ಇನ್ನೂ ಬೇಕಾದಷ್ಟು ಎತ್ತರ ಅನ್ನಿಸಬಹುದು. ಕ್ಯೂಎನ್‌ಎಚ್ ತಪ್ಪಿದರೆ ಇನ್ನೂ ಕಷ್ಟ. ಎಟಿಸಿ 1005 ಅಂದಿದೆ, ನೀವು 1013ರಲ್ಲೇ ಬಿಟ್ಟಿದ್ದೀರಿ. ಒಂದು ಹೆಕ್ಟೊಪಾಸ್ಕಲ್‌ಗೆ ಸುಮಾರು 30 ಅಡಿ. ಮೀಟರ್ ತೋರಿಸುವುದಕ್ಕಿಂತ 240 ಅಡಿ ಕೆಳಗಿದ್ದೀರಿ. 200 ಅಡಿ ಲೆಕ್ಕದಲ್ಲಿ ಬಂದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ ಅಲ್ವಾ?

ನಿರ್ಧಾರದ ಎತ್ತರಕ್ಕೆ ಬಂದಾಗ ರನ್‌ವೇ ಅಥವಾ ಅದರ ದೀಪಗಳು ಕಾಣದಿದ್ದರೆ ಪೂರ್ತಿ ಪವರ್, ಮೂಗು ಮೇಲೆ, ರೆಕ್ಕೆಯ ಹಿಂದೆ ಇಳಿಬಿಟ್ಟ ಫ್ಲ್ಯಾಪ್ ಹಂತಹಂತವಾಗಿ ಒಳಗೆ. ವಿಮಾನ ಏರತೊಡಗಿದ ಮೇಲೆ ರೇಡಿಯೊ. "ಇನ್ನೊಂದು ಐವತ್ತು ಅಡಿ ನೋಡೋಣ" ಅನ್ನುವುದು ಇಲ್ಲ.

ಈಗ ನೆಲದಲ್ಲಿ ಐಎಲ್‌ಎಸ್ ಇಲ್ಲದ ಕಡೆಯೂ ಉಪಗ್ರಹದ ನೆರವಿನಿಂದ ಇಳಿಯಬಹುದು. ಇಸ್ರೊ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರ ಸೇರಿ ಮಾಡಿದ ಗಗನ್ ವ್ಯವಸ್ಥೆ ಜಿಪಿಎಸ್‌ನ ತಪ್ಪನ್ನು ತಿದ್ದಿ ಕೊಡುತ್ತದೆ. 2022ರ ಏಪ್ರಿಲ್‌ನಲ್ಲಿ ರಾಜಸ್ಥಾನದ ಕಿಶನ್‌ಗಢದಲ್ಲಿ ಇಂಡಿಗೊದ ಎಟಿಆರ್ ವಿಮಾನ ಗಗನ್ ಬಳಸಿ ಇಳಿದಿತ್ತು. ಸಣ್ಣ ಊರುಗಳ ನಿಲ್ದಾಣಗಳಿಗೆ ಇದು ದೊಡ್ಡ ಅನುಕೂಲ. ಹಾಗಾಗಿ ಉಪಗ್ರಹ ನಂಬಿ ಇಳಿಯುವ ಆರ್‌ಎನ್‌ಪಿ ಅಪ್ರೋಚ್ ಕಲಿಯುವುದನ್ನು ಕೊನೆಗೆ ತಳ್ಳಬೇಡಿ.

ರೇಡಿಯೊ ಇಂಗ್ಲಿಷ್

ಕನ್ನಡ ಮೀಡಿಯಂನಲ್ಲಿ ಓದಿದವರು ಇಲ್ಲಿ ಅನಗತ್ಯವಾಗಿ ಹೆದರುತ್ತಾರೆ. ಎಟಿಸಿ ಮಾತು ಕಾಲೇಜಿನ ಇಂಗ್ಲಿಷ್ ಅಲ್ಲ, ಅಳೆದು ಇಟ್ಟ ಕೆಲವೇ ವಾಕ್ಯಗಳು. ಅನುಮತಿ ಬರುವ ಕ್ರಮ ಹೆಚ್ಚುಕಡಿಮೆ ಒಂದೇ: ಎಲ್ಲಿಗೆ, ಯಾವ ದಾರಿ, ಎಷ್ಟು ಎತ್ತರ, ಟ್ರಾನ್ಸ್‌ಪಾಂಡರ್ (ರಡಾರ್‌ಗೆ ವಿಮಾನದ ಗುರುತು ಹೇಳುವ ಸಾಧನ) ಸಂಖ್ಯೆ. ಚೀಟಿಯ ಮೇಲೆ ಆ ನಾಲ್ಕು ಜಾಗ ಮೊದಲೇ ಗೆರೆ ಹಾಕಿಟ್ಟುಕೊಳ್ಳಿ, ಬಂದಂತೆ ತುಂಬಿ, ಹಾಗೇ ತಿರುಗಿ ಓದಿ ಹೇಳಿ. ಗೊತ್ತಾಗದಿದ್ದರೆ ಮತ್ತೊಮ್ಮೆ ಹೇಳಿ ಅಂತ ಕೇಳಿ. ಅದರಲ್ಲಿ ಅವಮಾನ ಏನೂ ಇಲ್ಲ, ದೊಡ್ಡ ವಿಮಾನದ ಕ್ಯಾಪ್ಟನ್‌ಗಳೂ ದಿನಾ ಕೇಳುತ್ತಾರೆ.

ಯಾವತ್ತು ಹೋಗಬಾರದು

ಐಆರ್ ಇದ್ದರೆ ಎಲ್ಲ ಮೋಡಕ್ಕೂ ಹೋಗಬಹುದು ಅಂತಲ್ಲ. ಜುಲೈನ ಬೂದು ಪದರ ಮೋಡ ಒಂದು ರೀತಿ, ಏಪ್ರಿಲ್-ಮೇ ತಿಂಗಳ ಮಧ್ಯಾಹ್ನ ಧಾರವಾಡ, ಹಾವೇರಿ ಕಡೆ ಎದ್ದು ನಿಲ್ಲುವ ಗುಡುಗು ಮೋಡ ಬೇರೆಯೇ ರೀತಿ. ಗುಡುಗು ಮೋಡದಿಂದ 20 ಮೈಲಿ ದೂರ ಇರಿ. ಒಂದು ಸಮಾಧಾನ, ನಮ್ಮಲ್ಲಿ ಮುಂಗಾರಿನಲ್ಲಿ ಗಾಳಿ ಹೆಪ್ಪುಗಟ್ಟುವ ಮಟ್ಟಕ್ಕೆ ಇಳಿಯುವುದು ಸುಮಾರು 5 ಕಿಲೋಮೀಟರ್ ಎತ್ತರದಲ್ಲಿ. 172 ಅಲ್ಲಿಗೆ ಹೋಗುವುದೇ ಇಲ್ಲ, ಹಾಗಾಗಿ ರೆಕ್ಕೆಗೆ ಹಿಮ ಹಿಡಿಯುವ ಚಿಂತೆ ಕಡಿಮೆ. ಪಶ್ಚಿಮಕ್ಕೆ ಘಟ್ಟ ಇದೆ, ಗದಗ ಕಡೆ ಕಪ್ಪತಗುಡ್ಡ ಮತ್ತು ಗಾಳಿಯಂತ್ರಗಳಿವೆ. ಚಾರ್ಟ್‌ನಲ್ಲಿ ಕೊಟ್ಟ ಕನಿಷ್ಠ ಎತ್ತರಕ್ಕಿಂತ ಕೆಳಗೆ ಯಾವ ಕಾರಣಕ್ಕೂ ಇಳಿಯಬೇಡಿ. ಹುಬ್ಬಳ್ಳಿ ಮುಚ್ಚಿದ ದಿನ ಬೆಳಗಾವಿಯೂ ಮುಚ್ಚಿರುವ ಸಾಧ್ಯತೆ ಜಾಸ್ತಿ. ಬದಲಿ ನಿಲ್ದಾಣವನ್ನು ಒಣ ಹವೆ ಇರುವ ಪೂರ್ವದ ಕಡೆ ಹುಡುಕಿ, ಅಲ್ಲಿಗೆ ಹೋಗುವಷ್ಟು ಇಂಧನ ತುಂಬಿಸಿಕೊಂಡು ಹೊರಡಿ.

ಟೆಸ್ಟ್ ಮತ್ತು ಆಮೇಲೆ

ಪರೀಕ್ಷಕರು ನೋಡುವುದು ನಯವಾದ ಹಾರಾಟಕ್ಕಿಂತ, ತಪ್ಪಿದ್ದನ್ನು ನೀವೇ ಕಂಡುಹಿಡಿದು ತಿದ್ದುತ್ತೀರಾ ಅನ್ನುವುದನ್ನು. 80 ಅಡಿ ತಪ್ಪಿದರೆ "ತಿದ್ದುತ್ತಿದ್ದೇನೆ" ಅಂತ ಬಾಯಿಬಿಟ್ಟು ಹೇಳಿ. ಹಿಂದಿನ ರಾತ್ರಿ ಹೊಸದೇನನ್ನೂ ಓದಬೇಡಿ, ನಿಮ್ಮ ಸಂಖ್ಯೆಗಳ ಚೀಟಿ ನೋಡಿಕೊಂಡು ಮಲಗಿ.

ಪಾಸಾದ ಮೇಲೆ ಐಆರ್ ಒಂದು ವರ್ಷಕ್ಕೆ, ಆಮೇಲೆ ಮತ್ತೆ ಟೆಸ್ಟ್ ಕೊಟ್ಟು ನವೀಕರಿಸಬೇಕು. ಕೆಲಸ ಸಿಗುವವರೆಗೆ ಊರಲ್ಲಿ ಕಾಯುತ್ತಾ ಕೂತವರಿಗೆ ಇದೇ ದೊಡ್ಡ ತಲೆನೋವು. ಹಾರದೆ ಇದ್ದರೆ ಸ್ಕ್ಯಾನ್ ಬೇಗ ತುಕ್ಕು ಹಿಡಿಯುತ್ತದೆ. ವಾರಕ್ಕೆ ಎರಡು ಸಂಜೆ ಸಿಮ್ಯುಲೇಟರ್‌ನಲ್ಲಿ ಕೂರಿ. ನವೀಕರಣಕ್ಕೆ ಎರಡು ತಿಂಗಳು ಇರುವಾಗಲೇ ಶುರು ಮಾಡಿ, ಅದೂ ಹೋಲ್ಡ್‌ನಿಂದ. ಮೊದಲು ಮರೆತುಹೋಗುವುದು ಅದೇ.